ಟೈಪ್-ಸಿ ಪೋರ್ಟ್ ಸತ್ತಿದೆಯೇ? ಮದರ್‌ಬೋರ್ಡ್ ಬದಲಿಸುವ ಮುಂಚೆ ಮನೆಯಲ್ಲೇ ನೋಡಬೇಕಾದದ್ದು

ಹೋದ ಮಳೆಗಾಲದಲ್ಲಿ ಅಕ್ಕನ ಮಗಳು ಶಿವಮೊಗ್ಗದ ಹಾಸ್ಟೆಲ್‌ನಿಂದ ರಾತ್ರಿ 10 ಗಂಟೆಗೆ ಫೋನ್ ಮಾಡಿದಳು. "ಮಾಮ, ಲ್ಯಾಪ್‌ಟಾಪ್ ಚಾರ್ಜ್ ಆಗ್ತಿಲ್ಲ. ಅದೇ ಪೋರ್ಟಿಗೆ ಪೆನ್‌ಡ್ರೈವ್ ಹಾಕಿದ್ರೂ ಬರ್ತಿಲ್ಲ. ಅಂಗಡಿಯವರು ಮದರ್‌ಬೋರ್ಡ್ ಹೋಗಿದೆ, 18 ಸಾವಿರ ಆಗತ್ತೆ ಅಂದ್ರು. ನಾಡಿದ್ದು ಪ್ರಾಜೆಕ್ಟ್ ವೈವಾ ಇದೆ."

ಬ್ಯಾಟರಿ ಎಷ್ಟಿದೆ ಎಂದು ಕೇಳಿದೆ. ಶೇ. 31 ಇತ್ತು.

ಅವತ್ತು ರಾತ್ರಿ ಫೋನಿನಲ್ಲೇ ಅವಳಿಗೆ ಒಂದೊಂದಾಗಿ ಹೇಳುತ್ತಾ ಹೋದದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅವಸರದಲ್ಲಿ ಬಿಟ್ಟುಹೋದ ಕೆಲವು ವಿಷಯಗಳನ್ನೂ ಸೇರಿಸಿದ್ದೇನೆ. ಇದನ್ನು ಇದೇ ಕ್ರಮದಲ್ಲಿ ಮಾಡಿ. ದುಡ್ಡು ಖರ್ಚಾಗದ, ಏನೂ ಹಾಳಾಗದ ಕೆಲಸಗಳು ಮೊದಲಿವೆ. ಅಪಾಯ ಇರುವಂಥವು ಕೊನೆಯಲ್ಲಿವೆ.

ಎಲ್ಲಕ್ಕಿಂತ ಮೊದಲು ಫೈಲುಗಳು

ಚಾರ್ಜ್ ಆಗದ ಲ್ಯಾಪ್‌ಟಾಪ್‌ನಲ್ಲಿ ಉಳಿದಿರುವ ಬ್ಯಾಟರಿಯೇ ನಿಮಗಿರುವ ಸಮಯ. ಅದನ್ನು ಸೆಟ್ಟಿಂಗ್ಸ್ ಹುಡುಕುವುದರಲ್ಲಿ ಕಳೆಯಬೇಡಿ. ಸ್ಕ್ರೀನ್ ಬೆಳಕು ಪೂರ್ತಿ ಇಳಿಸಿ. ಬ್ಯಾಟರಿ ಸೇವರ್ ಹಾಕಿ. ಮುಖ್ಯವಾದ ಫೈಲುಗಳನ್ನು ಈಗಲೇ ಹೊರಗೆ ತೆಗೆಯಿರಿ. ಇನ್ನೊಂದು ಪೋರ್ಟ್ ಕೆಲಸ ಮಾಡುತ್ತಿದ್ದರೆ ಪೆನ್‌ಡ್ರೈವ್‌ಗೆ, ಇಲ್ಲದಿದ್ದರೆ ವೈಫೈ ಮೂಲಕ ಗೂಗಲ್ ಡ್ರೈವ್‌ಗೋ ನಿಮ್ಮದೇ ಈಮೇಲ್‌ಗೋ ಕಳಿಸಿ. ಸಿನಿಮಾ, ಫೋಟೊ ಎಲ್ಲ ಆಮೇಲೆ. ಪ್ರಾಜೆಕ್ಟ್, ಲೆಕ್ಕಪತ್ರ, ಅರ್ಧ ಬರೆದ ವರದಿ, ಇಂಥವು ಮೊದಲು.

ವಿಂಡೋಸ್ ಇದ್ದರೆ ಇನ್ನೊಂದು ಕೆಲಸವಿದೆ. ಈಗಿನ ಎಷ್ಟೋ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ನಿಮಗೆ ಗೊತ್ತಿಲ್ಲದೆಯೇ ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಬಿದ್ದಿರುತ್ತದೆ. ಅದರ ರಿಕವರಿ ಕೀ 48 ಅಂಕಿಗಳದ್ದು. ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ. ಫೋನಿನಿಂದ ಖಾತೆಗೆ ಹೋಗಿ, ಅದನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ಬಯಾಸ್ (ಲ್ಯಾಪ್‌ಟಾಪ್ ಆನ್ ಮಾಡಿದಾಗ ವಿಂಡೋಸ್‌ಗಿಂತ ಮೊದಲು ಓಡುವ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿದರೆ ಅಥವಾ ಬೋರ್ಡ್ ಬದಲಿಸಿದರೆ ಲ್ಯಾಪ್‌ಟಾಪ್ ಆ ಕೀ ಕೇಳಬಹುದು. ಅದು ಇಲ್ಲದಿದ್ದರೆ ಡಿಸ್ಕ್ ಚೆನ್ನಾಗಿದ್ದರೂ ಒಳಗಿನ ಫೈಲು ಸಿಗುವುದಿಲ್ಲ.

ಫೈಲು ಸೇರಬೇಕಾದ ಕಡೆ ಸೇರಿದ ಮೇಲೆ ಲ್ಯಾಪ್‌ಟಾಪ್ ಶಟ್‌ಡೌನ್ ಮಾಡಿ. ಉಳಿದ ಬ್ಯಾಟರಿ ಪರೀಕ್ಷೆಗಳಿಗೆ ಬೇಕು.

ಇವು ಕಂಡರೆ ಅಲ್ಲಿಗೇ ನಿಲ್ಲಿಸಿ

ಪೋರ್ಟ್ ಹತ್ತಿರ ಸುಟ್ಟ ವಾಸನೆ ಬಂದರೆ, ಚಾರ್ಜರಿನ ತಲೆ ಕೈ ಇಡಲಾಗದಷ್ಟು ಬಿಸಿಯಾದರೆ, ಟಚ್‌ಪ್ಯಾಡ್ ಅಥವಾ ಲ್ಯಾಪ್‌ಟಾಪಿನ ಹೊಟ್ಟೆ ಉಬ್ಬಿದ್ದರೆ, ಕಾಫಿ ಅಥವಾ ನೀರು ಒಳಗೆ ಹೋಗಿದ್ದರೆ ಮತ್ತೆ ಚಾರ್ಜರ್ ಹಾಕಲೇಬೇಡಿ. ಉಬ್ಬಿದ ಬ್ಯಾಟರಿಗೆ ಬೆಂಕಿ ಹತ್ತುವ ಸಾಧ್ಯತೆ ಇರುತ್ತದೆ. ಅದನ್ನು ಒತ್ತಬೇಡಿ, ಚುಚ್ಚಬೇಡಿ. ನೀರು ಬಿದ್ದ ಲ್ಯಾಪ್‌ಟಾಪನ್ನು ಅಕ್ಕಿ ಡಬ್ಬಿಯಲ್ಲಿ ಇಡುವುದರಿಂದ ಏನೂ ಪ್ರಯೋಜನವಿಲ್ಲ. ಒಳಗಿನ ತೇವ ಒಳಗೇ ಇರುತ್ತದೆ, ಅಕ್ಕಿಯ ಧೂಳು ಪೋರ್ಟಿಗೆ ಹೋಗುತ್ತದೆ. ಇಂಥ ಸ್ಥಿತಿಯಲ್ಲಿ ನೇರ ರಿಪೇರಿಯವರ ಹತ್ತಿರ ಹೋಗಿ, ಬಿಚ್ಚಿ ಒಣಗಿಸಿ ಸ್ವಚ್ಛ ಮಾಡಲು ಹೇಳಿ.

ಒಂದೇ ತೂತು, ಎರಡು ಕೆಲಸ

ಟೈಪ್-ಸಿ ಪೋರ್ಟ್ ಒಳಗೆ ಹೇಗೆ ಕೆಲಸ ಮಾಡುತ್ತದೆ ಎಂದು ಸ್ವಲ್ಪ ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ.

2014ರಲ್ಲಿ ಬಂದ ಈ ಪೋರ್ಟಿನಲ್ಲಿ 24 ಪಿನ್‌ಗಳಿವೆ. ಮಧ್ಯದಲ್ಲಿ ಒಂದು ತೆಳು ನಾಲಗೆ, ಅದರ ಮೇಲೆ 12, ಕೆಳಗೆ 12. ಕೆಲವು ಪಿನ್ ಕರೆಂಟಿಗೆ, ಕೆಲವು ಡೇಟಾಗೆ. ಇವೆರಡಕ್ಕೂ ಸೇರದ, ಆದರೆ ಎಲ್ಲಕ್ಕಿಂತ ಮುಖ್ಯವಾದ ಎರಡು ಪಿನ್‌ಗಳಿವೆ. ಅವನ್ನು ಸಿಸಿ ಎನ್ನುತ್ತಾರೆ. ಮೇಲಿನ ಸಾಲಿನಲ್ಲಿ ಒಂದು, ಕೆಳಗಿನ ಸಾಲಿನಲ್ಲಿ ಒಂದು.

ಹಳೆಯ ದಪ್ಪ ಪಿನ್ ಚಾರ್ಜರ್ ಚುಚ್ಚಿದ ಕೂಡಲೇ ಪೂರ್ತಿ ವೋಲ್ಟೇಜ್ ಕೊಡುತ್ತಿತ್ತು. ಟೈಪ್-ಸಿ ಚಾರ್ಜರ್ ಹಾಗೆ ಕೊಡುವುದಿಲ್ಲ. ಸಿಸಿ ಪಿನ್ ಮೂಲಕ "ಆ ಕಡೆ ಯಾರಾದರೂ ಇದ್ದಾರಾ" ಎಂದು ಮೊದಲು ನೋಡುತ್ತದೆ. ಇದ್ದಾರೆ ಎಂದು ಖಾತ್ರಿಯಾದ ಮೇಲೆ 5 ವೋಲ್ಟ್ ಬಿಡುತ್ತದೆ. ಆಮೇಲೆ ಅದೇ ಸಿಸಿ ತಂತಿಯಲ್ಲಿ ಚಾರ್ಜರ್ ಮತ್ತು ಲ್ಯಾಪ್‌ಟಾಪ್ ಮಾತಾಡಿಕೊಂಡು 9, 15 ಅಥವಾ 20 ವೋಲ್ಟ್ ಎಂದು ಒಪ್ಪಂದಕ್ಕೆ ಬರುತ್ತವೆ. ಈ ಮಾತುಕತೆಗೆ ಪವರ್ ಡೆಲಿವರಿ, ಚಿಕ್ಕದಾಗಿ ಪಿಡಿ ಎಂದು ಹೆಸರು. ಹೆಚ್ಚಿನ ಲ್ಯಾಪ್‌ಟಾಪ್‌ಗಳು ಸರಿಯಾಗಿ ಚಾರ್ಜ್ ಆಗಲು 20 ವೋಲ್ಟ್ ಬೇಕು.

ಹೀಗಾಗಿ ಕರೆಂಟ್ ತಂತಿ ಚೆನ್ನಾಗಿದ್ದರೂ ಸಿಸಿ ಪಿನ್ನಿನ ಮೇಲೆ ಒಂದಿಷ್ಟು ಕೊಳೆ ಕೂತರೆ ಮಾತುಕತೆಯೇ ನಡೆಯುವುದಿಲ್ಲ. ಪೋರ್ಟ್ ಸತ್ತ ಹಾಗೆ ಕಾಣುತ್ತದೆ. ಚಾರ್ಜ್, ಡೇಟಾ ಎರಡೂ ಒಟ್ಟಿಗೆ ನಿಂತರೆ ನನ್ನ ಮೊದಲ ಅನುಮಾನ ಸಿಸಿ ಪಿನ್, ಕೊಳೆ ಅಥವಾ ಲ್ಯಾಪ್‌ಟಾಪಿನ ಕಡೆಯಿಂದ ಈ ಮಾತುಕತೆ ನಡೆಸುವ ಪಿಡಿ ಚಿಪ್‌ನ ಮೇಲೆ. ಚಾರ್ಜ್ ಆಗುತ್ತಿದೆ, ಡೇಟಾ ಮಾತ್ರ ಇಲ್ಲ ಎಂದರೆ ಕೇಬಲ್, ಡ್ರೈವರ್ (ಪೋರ್ಟನ್ನು ನಡೆಸುವ ಸಾಫ್ಟ್‌ವೇರ್) ಅಥವಾ ಆಫೀಸಿನವರು ಹಾಕಿದ ನಿರ್ಬಂಧ ಇರಬಹುದು. ಡೇಟಾ ಬರುತ್ತಿದೆ, ಚಾರ್ಜ್ ಇಲ್ಲ ಎಂದರೆ ಚಾರ್ಜರ್, ಬ್ಯಾಟರಿ ಮಿತಿಯ ಸೆಟ್ಟಿಂಗ್ ಅಥವಾ ಚಾರ್ಜಿಂಗ್ ಸರ್ಕ್ಯೂಟ್ ನೋಡಬೇಕು. ನಿಮ್ಮದು ಈ ಮೂರರಲ್ಲಿ ಯಾವುದು ಎಂದು ಈಗಲೇ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮುಂದೆ ಅಂಗಡಿಗೆ ಹೋಗಬೇಕಾಗಿ ಬಂದರೂ ಆ ಚೀಟಿ ಬಹಳ ಉಪಯೋಗಕ್ಕೆ ಬರುತ್ತದೆ.

ಗೋಡೆಯಿಂದ ಶುರು ಮಾಡಿ

ಎಕ್ಸ್‌ಟೆನ್ಷನ್ ಬಾಕ್ಸ್ ಬಿಟ್ಟುಬಿಡಿ. ಗೋಡೆಯ ಸಾಕೆಟ್‌ಗೆ ನೇರ ಹಾಕಿ. ಹಾಸ್ಟೆಲ್, ಪಿಜಿಗಳ ಸಾಕೆಟ್‌ಗಳು ಸಡಿಲವಾಗಿರುವುದೇ ಜಾಸ್ತಿ. ಅದೇ ಸಾಕೆಟ್‌ಗೆ ಫೋನ್ ಚಾರ್ಜರ್ ಹಾಕಿ ನೋಡಿದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.

ಮುಂದೆ ಚಾರ್ಜರ್. ಅದರ ಮೈಮೇಲೆ ಸಣ್ಣ ಅಕ್ಷರದಲ್ಲಿ ಔಟ್‌ಪುಟ್ ಎಂದು ಬರೆದಿರುತ್ತದೆ. ಅಲ್ಲಿ 20 ವೋಲ್ಟಿನ ಸಾಲು ಇದೆಯೇ ನೋಡಿ. 20 ವೋಲ್ಟ್, 3.25 ಆಂಪಿಯರ್ ಎಂದಿದ್ದರೆ ಅದು 65 ವ್ಯಾಟಿನ ಪಿಡಿ ಚಾರ್ಜರ್. ಇಲ್ಲೇ ತುಂಬಾ ಜನ ಮೋಸ ಹೋಗುತ್ತಾರೆ. "ನನ್ನ ಫೋನ್ ಚಾರ್ಜರ್ ಮೇಲೂ 65 ವ್ಯಾಟ್ ಅಂತಲೇ ಇದೆ ಅಲ್ವಾ?" ಇರಬಹುದು. ಆದರೆ ಕೆಲವು ಫೋನ್ ಕಂಪನಿಗಳ ವೇಗದ ಚಾರ್ಜರ್‌ಗಳು ತಮ್ಮ ಫೋನಿನ ಜೊತೆ ಮಾತ್ರ ತಮ್ಮದೇ ಭಾಷೆಯಲ್ಲಿ ಮಾತಾಡುತ್ತವೆ. ಲ್ಯಾಪ್‌ಟಾಪ್‌ಗೆ ಆ ಭಾಷೆ ಬರುವುದಿಲ್ಲ. ಆಗ ಸಿಗುವುದು ಬರೀ 5 ವೋಲ್ಟ್. ಚಾರ್ಜರ್ ಕಡೆಯ ತೂತು ಹಳೆಯ ಆಯತಾಕಾರದ ಟೈಪ್-ಎ ಆಗಿದ್ದರಂತೂ ಪಿಡಿ ಮಾತುಕತೆ ನಡೆಯುವುದೇ ಇಲ್ಲ. ಎರಡೂ ಕಡೆ ಟೈಪ್-ಸಿ ಇರುವ ಕೇಬಲ್ಲೇ ಬೇಕು.

ಎರಡು ಮೂರು ತೂತುಗಳ ಚಾರ್ಜರ್ ಆಗಿದ್ದರೆ ಉಳಿದದ್ದನ್ನೆಲ್ಲ ತೆಗೆದು ಲ್ಯಾಪ್‌ಟಾಪ್ ಒಂದನ್ನೇ ಹಾಕಿ. ಎರಡನೆಯ ಸಾಧನ ಹಾಕಿದ ಕೂಡಲೇ ಅದು ಶಕ್ತಿಯನ್ನು ಹಂಚಿಬಿಡುತ್ತದೆ.

ಭಾರತದಲ್ಲಿ ಮಾರುವ ಲ್ಯಾಪ್‌ಟಾಪ್ ಅಡಾಪ್ಟರ್‌ಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಕಡ್ಡಾಯ. ಮೈಮೇಲೆ ಆ ಗುರುತು, ಜೊತೆಗೆ ಆರ್ ಅಕ್ಷರದಿಂದ ಶುರುವಾಗುವ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಎಂಬ ಸರ್ಕಾರಿ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ. ನಕಲಿ ಚಾರ್ಜರ್ ಬಗ್ಗೆ ನನಗೆ ನಿಜವಾದ ಭಯವಿದೆ. ನಾಲ್ಕೈದು ನೂರು ಉಳಿಸಲು ಹೋಗಿ 50 ಸಾವಿರದ ಯಂತ್ರವನ್ನು ಪಣಕ್ಕೆ ಇಡಬೇಡಿ.

ಇನ್ನು ಕೇಬಲ್. ನೋಡಲು ಎಲ್ಲ ಒಂದೇ ಥರ, ಒಳಗೆ ಬೇರೆ ಬೇರೆ. ಸಾಮಾನ್ಯ ಸಿ-ಸಿ ಕೇಬಲ್ 3 ಆಂಪಿಯರ್ ಹೊರುತ್ತದೆ. ಅಂದರೆ 20 ವೋಲ್ಟಿನಲ್ಲಿ 60 ವ್ಯಾಟ್. ಅದಕ್ಕಿಂತ ಜಾಸ್ತಿ ಬೇಕೆಂದರೆ ತಲೆಯೊಳಗೆ ಇ-ಮಾರ್ಕರ್ ಎಂಬ ಪುಟ್ಟ ಚಿಪ್ ಇರುವ 5 ಆಂಪಿಯರ್ ಕೇಬಲ್ ಬೇಕು. ಅದು ಇಲ್ಲದಿದ್ದರೆ 100 ವ್ಯಾಟಿನ ಚಾರ್ಜರ್ ಕೂಡ 60 ವ್ಯಾಟಿಗೆ ನಿಲ್ಲುತ್ತದೆ. ಡೇಟಾ ವಿಷಯದಲ್ಲೂ ಹೀಗೇ. ಚಾರ್ಜರ್ ಜೊತೆ ಬರುವ ಬಹುತೇಕ ಕೇಬಲ್‌ಗಳು ಯುಎಸ್‌ಬಿ 2.0 ವೇಗದವು, ಸೆಕೆಂಡಿಗೆ 480 ಮೆಗಾಬಿಟ್ ಅಷ್ಟೇ. ಇಂಥ ಕೇಬಲ್‌ನಲ್ಲಿ ಮಾನಿಟರ್ ಹಾಕಿದರೆ ಚಿತ್ರ ಬರುವುದಿಲ್ಲ. ಪೋರ್ಟಿನ ತಪ್ಪು ಎಂದುಕೊಳ್ಳುತ್ತೇವೆ, ತಪ್ಪು ಕೇಬಲ್‌ನದು.

ಸಾಧ್ಯವಾದರೆ ಪಕ್ಕದ ರೂಮಿನವರ ಲ್ಯಾಪ್‌ಟಾಪ್ ಚಾರ್ಜರ್, ಕೇಬಲ್ ಎರಡನ್ನೂ ಐದು ನಿಮಿಷ ಕೇಳಿ ಪಡೆಯಿರಿ. ಜೊತೆಗೆ ನಿಮ್ಮ ಚಾರ್ಜರನ್ನು ಅವರ ಲ್ಯಾಪ್‌ಟಾಪ್‌ಗೆ ಹಾಕಿ. ಈ ಅದಲು ಬದಲು ಪರೀಕ್ಷೆಯಷ್ಟು ಸ್ಪಷ್ಟ ಉತ್ತರ ಕೊಡುವುದು ಇನ್ನೊಂದಿಲ್ಲ.

ಇದರ ಜೊತೆಗೆ, ನಿಮ್ಮ ಲ್ಯಾಪ್‌ಟಾಪಿನ ಆ ಪೋರ್ಟ್ ಚಾರ್ಜ್ ತೆಗೆದುಕೊಳ್ಳುವಂಥದ್ದೇ ಎಂದೂ ನೋಡಿ. ಎರಡು ಟೈಪ್-ಸಿ ಇದ್ದರೂ ಒಂದರಲ್ಲಿ ಮಾತ್ರ ಚಾರ್ಜ್ ಆಗುವ ಮಾದರಿಗಳಿವೆ. ದಪ್ಪ ಪಿನ್ ಚಾರ್ಜರಿನ ಕೆಲವು ಲ್ಯಾಪ್‌ಟಾಪ್‌ಗಳ ಟೈಪ್-ಸಿ ಬರೀ ಡೇಟಾಗೆ. ಮೊದಲು ಆಗುತ್ತಿತ್ತು, ಈಗ ಇಲ್ಲ ಎಂದರೆ ಈ ಪ್ರಶ್ನೆ ಬಿಡಿ.

ತಲೆಯನ್ನು ತಿರುಗಿಸಿ ಹಾಕಿ

ಟೈಪ್-ಸಿ ಹೇಗೆ ಹಾಕಿದರೂ ಹೋಗುತ್ತದೆ ಅಲ್ವಾ? ಆದ್ದರಿಂದ ಯಾರೂ ತಿರುಗಿಸಿ ನೋಡುವುದಿಲ್ಲ. ಆದರೆ ಒಂದು ಬದಿಯಲ್ಲಿ ಹಾಕಿದಾಗ ಮೇಲಿನ ಸಿಸಿ ಪಿನ್, ತಿರುಗಿಸಿ ಹಾಕಿದಾಗ ಕೆಳಗಿನ ಸಿಸಿ ಪಿನ್ ಕೆಲಸ ಮಾಡುತ್ತದೆ. ಡೇಟಾ ಪಿನ್‌ಗಳೂ ಹಾಗೆಯೇ ಬದಲಾಗುತ್ತವೆ. ಒಂದು ಕಡೆ ಹಾಕಿದಾಗ ನಡೆದು, ಇನ್ನೊಂದು ಕಡೆ ನಡೆಯದಿದ್ದರೆ ನಿಮಗೆ ದೊಡ್ಡ ಸುಳಿವು ಸಿಕ್ಕಿತು. ಪಿಡಿ ಚಿಪ್ ಬದುಕಿದೆ, ಚಾರ್ಜಿಂಗ್ ಸರ್ಕ್ಯೂಟ್ ಬದುಕಿದೆ. ತೊಂದರೆ ಒಂದು ಸಾಲಿನ ಪಿನ್‌ಗಳಲ್ಲಿದೆ. ಕೊಳೆ ಇರಬಹುದು, ಬಾಗಿರಬಹುದು, ಬೆಸುಗೆ ಬಿಟ್ಟಿರಬಹುದು.

ಅಕ್ಕನ ಮಗಳಿಗೆ ಇದನ್ನು ಹೇಳಿದೆ. ತಿರುಗಿಸಿ ಹಾಕಿದಳು. ಎರಡು ಸೆಕೆಂಡ್ ಮೌನ. "ಮಾಮ, ಲೈಟ್ ಬಂತು!" ಅಂದಳು. ಮುಟ್ಟಿದರೆ ಹೋಗುತ್ತಿತ್ತು, ಒತ್ತಿ ಹಿಡಿದರೆ ಬರುತ್ತಿತ್ತು. ಆದರೂ ಮದರ್‌ಬೋರ್ಡ್ ಹೋಗಿಲ್ಲ ಎಂದು ಆ ಕ್ಷಣಕ್ಕೇ ಖಾತ್ರಿಯಾಯಿತು.

ಬೆಳಕು ಬಿಟ್ಟು ಒಳಗೆ ನೋಡಿ, ಆಮೇಲೆ ಸ್ವಚ್ಛ ಮಾಡಿ

ಬ್ಯಾಗಿನಲ್ಲಿ ದಿನಾ ಓಡಾಡುವ ಲ್ಯಾಪ್‌ಟಾಪಿನ ಪೋರ್ಟಿಗೆ ಬಟ್ಟೆಯ ನಾರು, ಧೂಳು ಸೇರುತ್ತದೆ. ಪ್ರತಿ ಸಲ ಚಾರ್ಜರ್ ಹಾಕಿದಾಗ ಅದು ಇನ್ನಷ್ಟು ಒಳಕ್ಕೆ ಹೋಗಿ ಗಟ್ಟಿಯಾಗುತ್ತದೆ. ಗುರುತಿಸುವುದು ಸುಲಭ. ಕೇಬಲ್ ಹಾಕಿದಾಗ "ಟಕ್" ಎಂದು ಕೂರುತ್ತದೆಯೇ? ತಲೆಯ ಲೋಹದ ಭಾಗ ಒಂದು ಕೂದಲೆಳೆಯಷ್ಟು ಹೊರಗೆ ಉಳಿಯುತ್ತದೆಯೇ? ಇನ್ನೊಂದು ಪೋರ್ಟಿಗೆ ಹಾಕಿ ಹೋಲಿಸಿ. ಸ್ವಲ್ಪ ಎಳೆದರೂ ಕಳಚಿಕೊಂಡರೆ ಒಳಗೆ ಏನೋ ತುಂಬಿದೆ ಎಂದೇ ಅರ್ಥ.

ಈಗ ಸ್ವಚ್ಛ ಮಾಡುವುದು. ಇಲ್ಲಿ ನಿಧಾನ ಮಾಡಿ.

ಮೊದಲು ಚಾರ್ಜರ್ ತೆಗೆಯಿರಿ, ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ. ಸ್ಲೀಪ್ ಸಾಲದು. ವಿಂಡೋಸ್‌ನಲ್ಲಿ ಶಿಫ್ಟ್ ಕೀ ಹಿಡಿದುಕೊಂಡು ಶಟ್‌ಡೌನ್ ಒತ್ತಿದರೆ ಪೂರ್ತಿ ಆಫ್ ಆಗುತ್ತದೆ. ಮೊಬೈಲ್ ಟಾರ್ಚ್ ಓರೆಯಾಗಿ ಬಿಟ್ಟು ಒಳಗೆ ನೋಡಿ. ಇನ್ನೊಂದು ಫೋನಿನಲ್ಲಿ ಜೂಮ್ ಮಾಡಿ ಫೋಟೊ ತೆಗೆದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ನಾಲಗೆ ನೇರವಾಗಿರಬೇಕು. ಅದರ ಮೇಲಿನ ಪಿನ್‌ಗಳು ಸಾಲಾಗಿ ಹೊಳೆಯಬೇಕು. ಹಸಿರು ಅಥವಾ ಬಿಳಿ ಪುಡಿ ಕಂಡರೆ ತೇವದಿಂದ ಕಿಲುಬು ಹಿಡಿದಿದೆ. ಕರಾವಳಿಯ ಉಪ್ಪುಗಾಳಿಯಲ್ಲಿ, ಮಲೆನಾಡಿನ ಮಳೆಗಾಲದಲ್ಲಿ ಇದು ಬೇಗ ಬರುತ್ತದೆ. ಕಪ್ಪಗೆ ಸುಟ್ಟ ಗುರುತಿದ್ದರೆ ಸ್ವಚ್ಛ ಮಾಡಲು ಹೋಗಬೇಡಿ, ಅಂಗಡಿಗೇ ಒಯ್ಯಿರಿ.

ಪೋರ್ಟಿನ ಎತ್ತರ ಎರಡೂವರೆ ಮಿಲಿಮೀಟರ್ ಆಸುಪಾಸು. ನಡುವಿನ ನಾಲಗೆ ಕಳೆದರೆ ಮೇಲೆ, ಕೆಳಗೆ ಉಳಿಯುವ ಜಾಗ ಒಂದೊಂದು ಮಿಲಿಮೀಟರ್‌ಗಿಂತ ಕಡಿಮೆ. ಬೆಂಕಿಕಡ್ಡಿ ಹೋಗುವುದೇ ಇಲ್ಲ. ಮರದ ಹಲ್ಲುಕಡ್ಡಿಯ ತುದಿಯನ್ನು ಬ್ಲೇಡಿನಿಂದ ಚಪ್ಪಟೆಯಾಗಿ ಹೆರೆದುಕೊಳ್ಳಿ. ಗುಂಡುಸೂದಿ, ಸೇಫ್ಟಿ ಪಿನ್, ಸಿಮ್ ತೆಗೆಯುವ ಕಡ್ಡಿ, ಯಾವುದೇ ಲೋಹ ಬೇಡವೇ ಬೇಡ. ಪಿನ್‌ಗಳ ನಡುವಿನ ಅಂತರ ಅರ್ಧ ಮಿಲಿಮೀಟರ್. ಲೋಹ ಎರಡನ್ನು ಒಟ್ಟಿಗೆ ಮುಟ್ಟಿದರೆ ಇಲ್ಲದ ತೊಂದರೆ ಬರುತ್ತದೆ.

ಕಡ್ಡಿಯನ್ನು ಪೋರ್ಟಿನ ಒಳಗೋಡೆಯ ಪಕ್ಕದಿಂದ ಒಳಗೆ ಬಿಟ್ಟು, ಮೂಲೆಯ ನಾರನ್ನು ನಿಮ್ಮ ಕಡೆಗೆ ಎಳೆಯಿರಿ. ನಾಲಗೆಯ ಮೇಲೆ ಒತ್ತಡ ಬೀಳಬಾರದು. ಲ್ಯಾಪ್‌ಟಾಪನ್ನು ಪೋರ್ಟ್ ಕೆಳಮುಖವಾಗುವಂತೆ ಓರೆ ಹಿಡಿದರೆ ಬಿಟ್ಟ ಕೊಳೆ ಹೊರಗೇ ಬೀಳುತ್ತದೆ. ಬಾಯಿಂದ ಊದಬೇಡಿ, ಎಂಜಲಿನ ತೇವ ಹೋಗುತ್ತದೆ. ಕ್ಯಾಮೆರಾ ಸ್ವಚ್ಛ ಮಾಡುವ ರಬ್ಬರ್ ಬ್ಲೋವರ್ ಇದ್ದರೆ ಅದರಿಂದ ಊದಿ.

ಕಿಲುಬು ಇದ್ದರೆ ಐಸೋಪ್ರೊಪೈಲ್ ಆಲ್ಕೋಹಾಲ್ ಬೇಕು. ಮೊಬೈಲ್ ರಿಪೇರಿ ಸಾಮಾನು ಮಾರುವ ಅಂಗಡಿಯಲ್ಲಿ ಐಪಿಎ ಎಂದು ಕೇಳಿದರೆ ಕೊಡುತ್ತಾರೆ. 99 ಪರ್ಸೆಂಟಿನದ್ದು ತನ್ನಿ. ಮೆತ್ತನೆಯ ಸಣ್ಣ ಬ್ರಷ್‌ಗೆ ಒಂದು ಹನಿ ಹಾಕಿ ನಾಲಗೆಯ ಎರಡೂ ಬದಿ ಮೃದುವಾಗಿ ಸವರಿ. ಅರ್ಧ ಗಂಟೆ ಹಾಗೇ ಬಿಡಿ. ಹ್ಯಾಂಡ್ ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರು, ಗ್ಲಿಸರಿನ್ ಇರುತ್ತದೆ. ಹೇರ್ ಡ್ರೈಯರ್ ಕೂಡ ಬೇಡ.

ಅವತ್ತು ಹಾಸ್ಟೆಲ್‌ನಲ್ಲಿ ಹಲ್ಲುಕಡ್ಡಿಯ ತುದಿಗೆ ಹೊರಬಂದದ್ದು ನೀಲಿ ಬಣ್ಣದ ನಾರಿನ ಒಂದು ಸಣ್ಣ ಉಂಡೆ. ಅವಳ ಬ್ಯಾಗಿನ ಒಳಗಿನ ಬಟ್ಟೆಯದೇ ಬಣ್ಣ. ಚಾರ್ಜರ್ "ಟಕ್" ಎಂದು ಕೂತಿತು. ಎರಡೂ ಬದಿಯಲ್ಲಿ ಚಾರ್ಜ್ ಆಯಿತು, ಪೆನ್‌ಡ್ರೈವ್ ಕೂಡ ಬಂತು. 18 ಸಾವಿರ ಎಂದಿದ್ದ ಅಂಗಡಿಯಲ್ಲಿ ಆ ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿದ್ದರೇ ಎಂದು ಕೇಳಿದೆ. ಇಲ್ಲವಂತೆ. ನನಗೆ ಇವತ್ತಿಗೂ ಬೇಸರವಿರುವುದು ಇದರ ಬಗ್ಗೆಯೇ. ಪರೀಕ್ಷೆ ಹತ್ತಿರವಿರುವ ಹುಡುಗಿಗೆ ಅಷ್ಟು ದೊಡ್ಡ ಮೊತ್ತ ಹೇಳುವ ಮುಂಚೆ ಒಂದು ನಿಮಿಷ ಒಳಗೆ ನೋಡಬಹುದಿತ್ತು.

ನಿಂತ ಕರೆಂಟ್ ಖಾಲಿ ಮಾಡಿ

ಪೋರ್ಟ್ ಸ್ವಚ್ಛವಾಗಿದೆ, ಚಾರ್ಜರ್ ಸರಿಯಿದೆ, ಆದರೂ ಇಲ್ಲ. ಗುಡುಗು ಮಳೆ ಬಂದಾಗ, ಕರೆಂಟ್ ಹೋಗಿ ಬಂದು ಮಾಡಿದಾಗ ಪಿಡಿ ಚಿಪ್ ಗೊಂದಲಕ್ಕೆ ಬಿದ್ದು ಹಾಗೇ ನಿಂತುಬಿಡಬಹುದು. ಅದಕ್ಕೆ ಎಲ್ಲಿಂದಲೂ ಕರೆಂಟ್ ಸಿಗದ ಹಾಗೆ ಮಾಡಬೇಕು.

ಲ್ಯಾಪ್‌ಟಾಪ್ ಆಫ್ ಮಾಡಿ. ಚಾರ್ಜರ್, ಪೆನ್‌ಡ್ರೈವ್, ಮೌಸ್ ಎಲ್ಲ ತೆಗೆಯಿರಿ. ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿಯಿರಿ. ಬಿಟ್ಟು, ಒಂದೆರಡು ನಿಮಿಷ ಕಾದು, ಚಾರ್ಜರ್ ಹಾಕಿ. ಕೆಲವು ಥಿಂಕ್‌ಪ್ಯಾಡ್‌ನಂಥ ಮಾದರಿಗಳಲ್ಲಿ ಕೆಳಭಾಗದಲ್ಲಿ ಗುಂಡುಸೂದಿ ಗಾತ್ರದ ರಿಸೆಟ್ ತೂತು ಇರುತ್ತದೆ. ಚಾರ್ಜರ್ ತೆಗೆದು, ನೇರ ಮಾಡಿದ ಪೇಪರ್ ಕ್ಲಿಪ್ಪಿನಿಂದ ಒಳಗಿನ ಬಟನ್ ಮೆಲ್ಲಗೆ ಒತ್ತಿ. ಮೈಕಿನ ತೂತು ಕೂಡ ಹೀಗೇ ಕಾಣುತ್ತದೆ. ಅದಕ್ಕೇ ನಿಮ್ಮ ಮಾದರಿಯ ಕೈಪಿಡಿಯಲ್ಲಿ ಜಾಗ ನೋಡಿಯೇ ಮುಟ್ಟಿ.

ಮ್ಯಾಕ್‌ಬುಕ್‌ಗಳಲ್ಲಿ ಎಂ ಸರಣಿಯ ಆ್ಯಪಲ್ ಚಿಪ್ ಇದ್ದರೆ ಶಟ್‌ಡೌನ್ ಮಾಡಿ, ಅರ್ಧ ನಿಮಿಷ ಬಿಟ್ಟು ಆನ್ ಮಾಡಿದರೆ ಸಾಕು. ಟಿ2 ಎಂಬ ಆ್ಯಪಲ್‌ನ ಭದ್ರತಾ ಚಿಪ್ ಇರುವ ಇಂಟೆಲ್ ಮ್ಯಾಕ್‌ಬುಕ್ ಆದರೆ ಆಫ್ ಮಾಡಿ, ಎಡಗಡೆಯ ಕಂಟ್ರೋಲ್, ಎಡಗಡೆಯ ಆಪ್ಷನ್, ಬಲಗಡೆಯ ಶಿಫ್ಟ್ ಮೂರನ್ನೂ 7 ಸೆಕೆಂಡ್ ಹಿಡಿಯಿರಿ. ಬಿಡದೆ ಪವರ್ ಬಟನ್ ಸೇರಿಸಿ ಇನ್ನೂ 7 ಸೆಕೆಂಡ್.

ಬ್ಯಾಟರಿ ಪೂರ್ತಿ ಸೊನ್ನೆಯಾಗಿದ್ದರೆ ತಾಳ್ಮೆ ಬೇಕು. ಸರಿಯಾದ ಚಾರ್ಜರ್ ಹಾಕಿ ಅರ್ಧ ಗಂಟೆ ಮುಟ್ಟದೆ ಬಿಡಿ. ಮೊದಲ ಕೆಲವು ನಿಮಿಷ ಲೈಟ್ ಕೂಡ ಬಾರದೆ ಇರಬಹುದು.

ಶೇ. 80ಕ್ಕೆ ನಿಂತಿದೆಯೇ? ಕೆಟ್ಟಿಲ್ಲ

ಶೇ. 60 ಅಥವಾ 80ಕ್ಕೆ ಬಂದು "ಚಾರ್ಜ್ ಆಗುತ್ತಿಲ್ಲ" ಎಂದು ತೋರಿಸಿದರೆ ಗಾಬರಿ ಬೇಡ. ಬ್ಯಾಟರಿ ಬಾಳಿಕೆಗಾಗಿ ಕಂಪನಿಗಳೇ ಇಟ್ಟ ಮಿತಿ ಅದು. ಲೆನೊವೊ ವಾಂಟೇಜ್‌ನಲ್ಲಿ ಕನ್ಸರ್ವೇಷನ್ ಮೋಡ್, ಮೈ ಏಸಸ್‌ನಲ್ಲಿ ಬ್ಯಾಟರಿ ಕೇರ್, ಮ್ಯಾಕ್‌ನಲ್ಲಿ ಆಪ್ಟಿಮೈಸ್ಡ್ ಬ್ಯಾಟರಿ ಚಾರ್ಜಿಂಗ್ ಎಂಬ ಹೆಸರಿನಲ್ಲಿ ಇರುತ್ತದೆ. ದಿನವಿಡೀ ಚಾರ್ಜರಿನಲ್ಲೇ ಇಡುವವರಿಗೆ ಈ ಮಿತಿ ಒಳ್ಳೆಯದೇ. ಹಾಗೇ ಬಿಡಿ.

ಚಾರ್ಜ್ ಆಗುತ್ತದೆ, ಡೇಟಾ ಮಾತ್ರ ಇಲ್ಲ

ಆಫೀಸಿನ ಲ್ಯಾಪ್‌ಟಾಪ್ ಆಗಿದ್ದರೆ ಮೊದಲು ಐಟಿ ವಿಭಾಗದವರನ್ನು ಕೇಳಿ. ಬೆಂಗಳೂರಿನ ಎಷ್ಟೋ ಕಂಪನಿಗಳಲ್ಲಿ ಪೆನ್‌ಡ್ರೈವ್, ಫೋನ್ ಓದದಂತೆ ತಡೆದಿರುತ್ತಾರೆ. ಮೌಸ್ ನಡೆಯುತ್ತದೆ, ಪೆನ್‌ಡ್ರೈವ್ ನಡೆಯುವುದಿಲ್ಲ ಎಂದರೆ ಹೆಚ್ಚಾಗಿ ಅದೇ ಕಾರಣ. ನೀವಾಗಿ ಸರಿ ಮಾಡಲು ಹೋಗಬೇಡಿ, ಕೆಲಸಕ್ಕೇ ಕುತ್ತು ಬಂದೀತು.

ಆ್ಯಪಲ್ ಚಿಪ್ ಇರುವ ಮ್ಯಾಕ್‌ಬುಕ್‌ಗಳಲ್ಲಿ 2022ರ ವೆಂಚುರಾ ಆವೃತ್ತಿಯಿಂದ ಹೊಸ ಸಾಧನ ಹಾಕಿದಾಗ ಅನುಮತಿ ಕೇಳುತ್ತದೆ. ಬೇಡ ಎಂದು ಒತ್ತಿದ್ದರೆ ಚಾರ್ಜ್ ಆಗುತ್ತದೆ, ಡೇಟಾ ಬರುವುದಿಲ್ಲ. ಸಿಸ್ಟಂ ಸೆಟ್ಟಿಂಗ್ಸ್‌ನ ಪ್ರೈವಸಿ ಆ್ಯಂಡ್ ಸೆಕ್ಯುರಿಟಿಯಲ್ಲಿ ಇದು ಸಿಗುತ್ತದೆ.

ವಿಂಡೋಸ್‌ನಲ್ಲಿ ಮೊದಲು ರಿಸ್ಟಾರ್ಟ್ ಮಾಡಿ. ಶಟ್‌ಡೌನ್ ಮಾಡಿ ಆನ್ ಮಾಡುವುದಕ್ಕೂ ರಿಸ್ಟಾರ್ಟ್‌ಗೂ ವ್ಯತ್ಯಾಸವಿದೆ. ಫಾಸ್ಟ್ ಸ್ಟಾರ್ಟಪ್ ಇದ್ದಾಗ ಶಟ್‌ಡೌನ್‌ನಲ್ಲಿ ಹಳೆಯ ಸ್ಥಿತಿ ಡಿಸ್ಕಿನಲ್ಲಿ ಉಳಿದು ಮತ್ತೆ ಅದೇ ಬರುತ್ತದೆ. ರಿಸ್ಟಾರ್ಟ್ ಹೊಸದಾಗಿ ಶುರು ಮಾಡುತ್ತದೆ. ಸರಿಹೋಗದಿದ್ದರೆ ಡಿವೈಸ್ ಮ್ಯಾನೇಜರ್ ತೆಗೆದು, ಯೂನಿವರ್ಸಲ್ ಸೀರಿಯಲ್ ಬಸ್ ಕಂಟ್ರೋಲರ್ಸ್ ಎಂಬ ಗುಂಪು ನೋಡಿ. ಹಳದಿ ಗುರುತು ಇರುವುದರ ಮೇಲೆ ರೈಟ್ ಕ್ಲಿಕ್ ಮಾಡಿ ಅನ್‌ಇನ್‌ಸ್ಟಾಲ್ ಕೊಟ್ಟು ರಿಸ್ಟಾರ್ಟ್ ಮಾಡಿ. ವಿಂಡೋಸ್ ತಾನೇ ಮತ್ತೆ ಹಾಕಿಕೊಳ್ಳುತ್ತದೆ. ನಿದ್ದೆಯಿಂದ ಎದ್ದ ಮೇಲೆ ಮಾತ್ರ ಪೋರ್ಟ್ ಸಾಯುತ್ತಿದ್ದರೆ, ಅಲ್ಲೇ ಯುಎಸ್‌ಬಿ ರೂಟ್ ಹಬ್ ತೆಗೆದು ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್‌ನಲ್ಲಿ ಶಕ್ತಿ ಉಳಿಸಲು ಇದನ್ನು ಆಫ್ ಮಾಡಬಹುದು ಎಂಬ ಟಿಕ್ ತೆಗೆಯಿರಿ. ಆ ಟ್ಯಾಬ್ ಇಲ್ಲದಿದ್ದರೆ ಬಿಡಿ.

"ಯುಎಸ್‌ಬಿ ಪೋರ್ಟ್‌ನಲ್ಲಿ ಪವರ್ ಸರ್ಜ್" ಎಂದು ಸೂಚನೆ ಬಂದರೆ ಪೋರ್ಟ್ ತನ್ನನ್ನು ತಾನೇ ಕಾಪಾಡಿಕೊಳ್ಳಲು ಬಾಗಿಲು ಹಾಕಿಕೊಂಡಿದೆ. ಹಾಕಿದ್ದನ್ನು ತೆಗೆದು ರಿಸ್ಟಾರ್ಟ್ ಮಾಡಿ. ಏನೂ ಹಾಕದೆಯೂ ಅದೇ ಸೂಚನೆ ಬಂದರೆ ಪೋರ್ಟಿನೊಳಗೆ ಶಾರ್ಟ್ ಇರಬಹುದು.

ಡಾಕ್ ಅಥವಾ ಹಬ್ (ಒಂದು ಪೋರ್ಟಿಗೆ ಹಲವು ಸಾಧನ ಹಾಕಲು ಬಳಸುವ ಪೆಟ್ಟಿಗೆ) ಬಳಸುವವರು ಅದನ್ನು ತೆಗೆದು ನೇರ ಹಾಕಿ ನೋಡಿ. ಗೋಡೆಯಿಂದ ಕರೆಂಟ್ ತೆಗೆದುಕೊಳ್ಳುವ ಡಾಕ್ ಆದರೆ ಅದರ ಪ್ಲಗ್ಗನ್ನೂ ಒಂದು ನಿಮಿಷ ತೆಗೆದಿಡಿ.

ಇಷ್ಟಾದ ಮೇಲೂ ಸಂಶಯ ಉಳಿದರೆ, ತೀರ್ಪು ಕೊಡುವ ಒಂದು ಪರೀಕ್ಷೆ ಇದೆ. ಇನ್ನೊಂದು ಕಂಪ್ಯೂಟರಿನಲ್ಲಿ ಉಬುಂಟು ಎಂಬ ಉಚಿತ ಆಪರೇಟಿಂಗ್ ಸಿಸ್ಟಂನ ಬೂಟ್ ಪೆನ್‌ಡ್ರೈವ್ (ಅದರಿಂದಲೇ ಲ್ಯಾಪ್‌ಟಾಪ್ ಶುರು ಮಾಡಬಹುದಾದದ್ದು) ಮಾಡಿಕೊಂಡು, ಚೆನ್ನಾಗಿರುವ ಪೋರ್ಟಿನಿಂದ ಬೂಟ್ ಮಾಡಿ. ಇನ್‌ಸ್ಟಾಲ್ ಮಾಡಬೇಡಿ, ಟ್ರೈ ಎಂಬುದನ್ನು ಆರಿಸಿ. ಅಲ್ಲಿ ತೊಂದರೆಯ ಪೋರ್ಟ್ ನಡೆದರೆ ಹಾರ್ಡ್‌ವೇರ್ ಚೆನ್ನಾಗಿದೆ, ವಿಂಡೋಸ್ ಸರಿ ಮಾಡಬೇಕು. ಅಲ್ಲೂ ನಡೆಯದಿದ್ದರೆ ವಿಂಡೋಸ್ ಫಾರ್ಮ್ಯಾಟ್ ಮಾಡಿ ಏನೂ ಪ್ರಯೋಜನವಿಲ್ಲ. ಫಾರ್ಮ್ಯಾಟ್ ಮಾಡೋಣ ಎಂದು ಯಾರೇ ಹೇಳಿದರೂ ಈ ಪರೀಕ್ಷೆ ಮಾಡದೆ ಒಪ್ಪಬೇಡಿ. ಚಾರ್ಜ್ ವಿಷಯಕ್ಕೆ ಇನ್ನೂ ಸುಲಭದ ದಾರಿ ಇದೆ. ಲ್ಯಾಪ್‌ಟಾಪ್ ಆಫ್ ಇದ್ದಾಗ ಚಾರ್ಜರ್ ಹಾಕಿದರೆ ಲೈಟ್ ಬರುತ್ತದೆಯೇ ನೋಡಿ. ಆಗ ವಿಂಡೋಸ್ ನಡುವೆ ಬರುವುದೇ ಇಲ್ಲ.

ಬಯಾಸ್, ಫರ್ಮ್‌ವೇರ್

ಬಯಾಸ್‌ನಲ್ಲಿ ಪೋರ್ಟನ್ನೇ ಆಫ್ ಮಾಡುವ ಆಯ್ಕೆ ಇರುತ್ತದೆ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡವರು ಇದನ್ನು ಖಂಡಿತ ನೋಡಿ. ಆಫೀಸುಗಳಿಂದ ಹೊರಬಂದ ಯಂತ್ರಗಳಲ್ಲಿ ಹಳೆಯ ನಿರ್ಬಂಧ ಹಾಗೇ ಉಳಿದಿರಬಹುದು.

2017ರಿಂದ 2019ರ ನಡುವಿನ ಕೆಲವು ಥಿಂಕ್‌ಪ್ಯಾಡ್‌ಗಳಿಗೆ ಲೆನೊವೊ ಒಂದು ಥಂಡರ್‌ಬೋಲ್ಟ್ (ಟೈಪ್-ಸಿ ತೂತಿನಲ್ಲೇ ನಡೆಯುವ ಹೆಚ್ಚು ವೇಗದ ವ್ಯವಸ್ಥೆ) ಫರ್ಮ್‌ವೇರ್ ಅಪ್‌ಡೇಟ್ ಬಿಟ್ಟಿದೆ. ಫರ್ಮ್‌ವೇರ್ ಎಂದರೆ ಚಿಪ್‌ನೊಳಗೇ ಇರುವ ಸಾಫ್ಟ್‌ವೇರ್. ಅದನ್ನು ಹಾಕಿಕೊಳ್ಳದಿದ್ದರೆ ಟೈಪ್-ಸಿ ಪೋರ್ಟ್ ಚಾರ್ಜಿಂಗ್ ಸಮೇತ ನಿಲ್ಲಬಹುದು ಎಂದು ಕಂಪನಿಯೇ ಎಚ್ಚರಿಸಿತ್ತು. ಟಿ480 ಕೂಡ ಆ ಪಟ್ಟಿಯಲ್ಲಿದೆ. ಇಂಥ ಯಂತ್ರ ನಿಮ್ಮ ಹತ್ತಿರ ಇದ್ದರೆ, ಪೋರ್ಟ್ ಚೆನ್ನಾಗಿರುವಾಗಲೇ ಅಪ್‌ಡೇಟ್ ಮಾಡಿಬಿಡಿ.

ಬಯಾಸ್ ಅಪ್‌ಡೇಟ್ ಮಾಡುವಾಗ ಚಾರ್ಜರ್ ಹಾಕಿರಬೇಕು, ಬ್ಯಾಟರಿ ತುಂಬಿರಬೇಕು. ಚಾರ್ಜೇ ಆಗದ ಲ್ಯಾಪ್‌ಟಾಪ್‌ನಲ್ಲಿ ಬೇರೆ ಪೋರ್ಟಿನಿಂದ ಚಾರ್ಜ್ ಮಾಡಲು ದಾರಿ ಇದ್ದರೆ ಮಾತ್ರ ಕೈಹಾಕಿ. ನಡುವೆ ಆಫ್ ಆದರೆ ಲ್ಯಾಪ್‌ಟಾಪ್ ಏಳದೇ ಇರಬಹುದು.

ಅಂಗಡಿಗೆ ಹೋಗಲೇಬೇಕಾದರೆ

ವಾರಂಟಿ ಇದ್ದರೆ ಬಿಚ್ಚಬೇಡಿ, ಹೊರಗೆ ಕೊಡಬೇಡಿ, ಕಂಪನಿಯ ಸರ್ವಿಸ್ ಸೆಂಟರ್‌ಗೇ ಹೋಗಿ. ಅಲ್ಲಿ ನ್ಯಾಯವಾಗಿ ಸಿಗಬೇಕಾದದ್ದು ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ವಾರಂಟಿ ಮುಗಿದಿದ್ದರೆ ಚಿಪ್ ಲೆವೆಲ್ ಸರ್ವಿಸ್ (ಇಡೀ ಬೋರ್ಡ್ ಬದಲಿಸದೆ ಅದರ ಮೇಲಿನ ಭಾಗಗಳನ್ನೇ ಸರಿಪಡಿಸುವುದು) ಮಾಡುವವರನ್ನು ಹುಡುಕಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ, ಬೇರೆ ಊರುಗಳ ಕಂಪ್ಯೂಟರ್ ಮಾರುಕಟ್ಟೆಗಳಲ್ಲಿ ಇಂಥವರಿದ್ದಾರೆ. ಒಳ್ಳೆಯವರನ್ನು ಗುರುತಿಸಲು ನಾನು ಒಂದು ದಾರಿ ಇಟ್ಟುಕೊಂಡಿದ್ದೇನೆ. ಅವರು ದರ ಹೇಳುವ ಮುಂಚೆ ಕೇಬಲ್‌ನ ನಡುವೆ ಹಾಕುವ ಸಣ್ಣ ಯುಎಸ್‌ಬಿ ಮೀಟರ್ ತೆಗೆಯುತ್ತಾರೆಯೇ ನೋಡಿ. ಮೀಟರ್ 20 ವೋಲ್ಟ್ ತೋರಿಸಿದರೆ ಪಿಡಿ ಮಾತುಕತೆ ನಡೆದಿದೆ, ತೊಂದರೆ ಅದರಾಚೆಯ ಚಾರ್ಜಿಂಗ್ ಸರ್ಕ್ಯೂಟ್ ಅಥವಾ ಬ್ಯಾಟರಿಯಲ್ಲಿದೆ. 5 ವೋಲ್ಟಿಗೇ ನಿಂತರೆ ಪಿಡಿ ಚಿಪ್ ಅಥವಾ ಅದರ ಸುತ್ತಲಿನ ದಾರಿ. ಸೊನ್ನೆ ಎಂದರೆ ಸಿಸಿ ಪಿನ್, ಪೋರ್ಟ್, ಇಲ್ಲವೇ ಎಲ್ಲೋ ಶಾರ್ಟ್.

ಪೋರ್ಟ್ ಮುಖ್ಯ ಬೋರ್ಡಿನಲ್ಲಿದೆಯೋ, ಸಣ್ಣ ಬೇರೆ ಬೋರ್ಡಿನಲ್ಲಿದೆಯೋ ಎಂದು ಕೇಳಿ. ಬೇರೆ ಬೋರ್ಡ್ ಆದರೆ ಸ್ಕ್ರೂ ಬಿಚ್ಚಿ ಅದನ್ನಷ್ಟೇ ಬದಲಿಸಬಹುದು. ಮುಖ್ಯ ಬೋರ್ಡಿನಲ್ಲೇ ಇದ್ದರೆ ಹಾಟ್ ಏರ್, ಅಂದರೆ ಬಿಸಿ ಗಾಳಿಯ ಉಪಕರಣ ಬಳಸಿ ಹಳೆಯ ಪೋರ್ಟ್ ತೆಗೆದು ಹೊಸದನ್ನು ಬೆಸೆಯಬೇಕು. ಕೈ ಕುದುರಿದವರು ಮಾಡಿದರೆ ಗಟ್ಟಿಯಾಗಿ ಬರುತ್ತದೆ. ಪೋರ್ಟ್ ಅಲ್ಲಾಡುತ್ತಿದ್ದರೆ ಬರೀ ಡ್ರೈ ಸೋಲ್ಡರ್, ಅಂದರೆ ಬಿಟ್ಟುಹೋದ ಬೆಸುಗೆ ಇರಬಹುದು. ಮತ್ತೆ ಬೆಸೆದರೆ ಸಾಕು, ಹೊಸ ಪೋರ್ಟ್ ಕೂಡ ಬೇಕಾಗುವುದಿಲ್ಲ.

ಎಸ್‌ಎಸ್‌ಡಿ (ನಿಮ್ಮ ಫೈಲುಗಳಿರುವ ಡಿಸ್ಕ್) ಕಳಚುವಂಥದ್ದಾಗಿದ್ದರೆ ಅದನ್ನು ನಿಮ್ಮ ಹತ್ತಿರವೇ ಇಟ್ಟುಕೊಂಡು ಲ್ಯಾಪ್‌ಟಾಪ್ ಕೊಡಬಹುದೇ ಎಂದು ಕೇಳಿ. ಚಾರ್ಜರನ್ನು ಲ್ಯಾಪ್‌ಟಾಪ್ ಜೊತೆಗೇ ಕೊಡಿ. ತೆಗೆದ ಹಳೆಯ ಭಾಗ ವಾಪಸ್ ಬೇಕೆಂದು ಮೊದಲೇ ಹೇಳಿ. ನೀವು ಬರೆದಿಟ್ಟ ಚೀಟಿ ಅವರ ಕೈಗೆ ಕೊಡಿ. ತಿರುಗಿಸಿ ಹಾಕಿದಾಗ ಏನಾಯಿತು, ಆಫ್ ಇದ್ದಾಗ ಲೈಟ್ ಬಂತೇ, ಉಬುಂಟುವಿನಲ್ಲಿ ನಡೆಯಿತೇ, ಎಲ್ಲ ಅದರಲ್ಲಿರಲಿ. ಗ್ರಾಹಕರು ಇಷ್ಟು ನೋಡಿಕೊಂಡು ಬಂದಿದ್ದಾರೆ ಎಂದು ತಿಳಿದರೆ ಮಾತಿನ ಧಾಟಿಯೇ ಬದಲಾಗುತ್ತದೆ.

ವಾಪಸ್ ತೆಗೆದುಕೊಳ್ಳುವಾಗ ದುಡ್ಡು ಕೊಡುವ ಮುಂಚೆ ಅಲ್ಲೇ ಕೂತು ನೋಡಿ. ಚಾರ್ಜರನ್ನು ಎರಡೂ ಬದಿಯಲ್ಲಿ ಹಾಕಿ, ತಲೆಯನ್ನು ಮೆಲ್ಲಗೆ ಅಲ್ಲಾಡಿಸಿ, ಚಾರ್ಜ್ ಕಡಿಯಬಾರದು. ಪೆನ್‌ಡ್ರೈವ್‌ನಿಂದ ಒಂದೆರಡು ಜಿಬಿಯ ಫೈಲು ಕಾಪಿ ಮಾಡಿ, ನಡುವೆ ನಿಲ್ಲಬಾರದು. ಕಾಲು ಗಂಟೆ ಚಾರ್ಜ್ ಮಾಡಿ, ಪೋರ್ಟಿನ ಸುತ್ತ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ಸರಿ, ಸುಡುತ್ತಿದ್ದರೆ ಅಲ್ಲೇ ವಾಪಸ್ ಕೊಡಿ.